ಶುಂಠಿಗೆ ಗದ್ದೆ ಕೊಡುವಾಗ ಕರಾರು ಹೇಗಿರಬೇಕು? ಸಾಲ ಯಾರ ಹೆಸರಲ್ಲಿ?

ಗದ್ದೆಮನೆ (ಆಲೂರು)

ಎಲ್ಲರಿಗೂ ನಮಸ್ಕಾರ. ಆಲೂರು ಹತ್ತಿರ ನಮ್ಮದು ಎರಡು ಎಕರೆ ಗದ್ದೆ ಇದೆ. ಭತ್ತ ಹಾಕಿದರೆ ಕೂಲಿಗೇ ಸಾಲುವುದಿಲ್ಲ ಅಂತ ಬೀಳು ಬಿಟ್ಟಿದ್ದೇವೆ. ಈಗ ಒಬ್ಬರು ಶುಂಠಿ ಹಾಕಲು ಕೇಳುತ್ತಿದ್ದಾರೆ. 18 ತಿಂಗಳಿಗೆ, ಎಕರೆಗೆ ಇಷ್ಟು ಅಂತ ನಗದು.

ಮನೆಯಲ್ಲಿ ಒಮ್ಮತ ಇಲ್ಲ. ನಮ್ಮ ಮಾವ ಪಾಲಿಗೆ ಕೊಡೋಣ, ರೇಟ್ ಬಂದರೆ ನಮಗೂ ಬರುತ್ತದೆ ಅನ್ನುತ್ತಾರೆ. ಯಜಮಾನರು ದುಡ್ಡು ಮೊದಲೇ ಎಣಿಸಿಕೊಂಡು ಸುಮ್ಮನಿರೋಣ ಅನ್ನುತ್ತಾರೆ. ನನ್ನ ಭಯ ಬೇರೆಯೇ. ಪಕ್ಕದವರು ಹೀಗೇ ಶುಂಠಿಗೆ ಕೊಟ್ಟಿದ್ದರು. ಅವರು ಬಿಟ್ಟು ಹೋದಾಗ ಬದು ಒಡೆದಿತ್ತು, ಪೈಪಿನ ಚೂರು, ಔಷಧಿ ಡಬ್ಬ, ಹರಿದ ಚೀಲ ಎಲ್ಲ ಅಲ್ಲೇ ಬಿದ್ದಿತ್ತು. ಬಸಿಗಾಲುವೆ ಎಷ್ಟು ಆಳ ತೆಗೆದಿದ್ದರು ಅಂದರೆ ಈಗ ಗದ್ದೆಯಲ್ಲಿ ನೀರೇ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಕೇಳುತ್ತಿರುವವರು ಹೇಳುತ್ತಾರೆ: ‘ಪಹಣಿ ನಿಮ್ಮ ಹೆಸರಲ್ಲಿದೆ. ಸೊಸೈಟಿ ಸಾಲ ನೀವು ತೆಗೆದುಕೊಡಿ, ನಾನು ಕಟ್ಟಿಕೊಂಡು ಹೋಗುತ್ತೇನೆ.’ ಒಪ್ಪಬಹುದಾ?

ತರೀಕೆರೆ ಹುಡುಗ

ಅಕ್ಕ, ಕೊನೆಯ ಪ್ರಶ್ನೆಗೆ ಮಾತ್ರ ಈಗಲೇ ಉತ್ತರ. ಬೇಡ. ಉಳಿದಿದ್ದು ತಿಳಿದವರು ಹೇಳಲಿ.

ಸುಮ್ನೆ ಓದೋನು

ಈಗಿನ ಕಾಲದಲ್ಲಿ ನಿಯತ್ತು ಅನ್ನೋದೇ ಇಲ್ಲ. ಒಳ್ಳೆ ಜನ ನೋಡಿ ಕೊಡಿ, ಅಷ್ಟೆ.

ಹಾಸನದ ಮೇಷ್ಟ್ರು

ನಿಯತ್ತಿನ ಮಾತು ಬದಿಗಿಡೋಣ. ಪಕ್ಕದ ಗದ್ದೆಯಲ್ಲಿ ಆದದ್ದನ್ನು ಒಳ್ಳೆಯ ಮನುಷ್ಯನೂ ಮಾಡುತ್ತಾನೆ. 18 ತಿಂಗಳಿಗೆ ಜಮೀನು ಹಿಡಿದವನಿಗೆ 19ನೇ ತಿಂಗಳ ಮಣ್ಣಿನ ಚಿಂತೆ ಯಾಕೆ ಬರಬೇಕು? ಅವನ ದುಡ್ಡೆಲ್ಲ ಗೆಡ್ಡೆಯಲ್ಲಿದೆ, ನಿಮ್ಮ ಆಸ್ತಿ ಮಣ್ಣಿನಲ್ಲಿದೆ. ಒಬ್ಬರ ಕೆಲಸದ ಫಲ ಇನ್ನೊಬ್ಬರಿಗೆ ಸೇರುವಂತಿದ್ದು, ಆ ಕೆಲಸವನ್ನು ದಿನಾ ನಿಂತು ನೋಡಲಾಗದಿದ್ದರೆ ಅಲ್ಲಿ ಹುಟ್ಟುವ ತೊಂದರೆಗೆ ಅರ್ಥಶಾಸ್ತ್ರದಲ್ಲಿ ಮಾರಲ್ ಹಜಾರ್ಡ್ ಅನ್ನುತ್ತೇವೆ. ಇದು ಗುಣದ ದೋಷವಲ್ಲ, ಕರಾರಿನ ದೋಷ.

ನಿಮ್ಮ ಮಾವ, ಯಜಮಾನರ ಜಗಳ ಬಹಳ ಹಳೆಯದು. ನಗದು ಗುತ್ತಿಗೆಯಲ್ಲಿ ಬೆಳೆದದ್ದೆಲ್ಲ ಬೆಳೆದವನದು. ಹಾಗಾಗಿ ಮೈಮುರಿದು ಕೆಲಸ ಮಾಡುತ್ತಾನೆ. ಆದರೆ ಮಳೆ ಕೈಕೊಟ್ಟರೂ, ರೇಟ್ ಬಿದ್ದರೂ ಏಟು ಅವನೊಬ್ಬನಿಗೇ. ಅರ್ಧ ಪಾಲಿನಲ್ಲಿ ನಷ್ಟವೂ ಅರ್ಧ ಹಂಚಿಹೋಗುತ್ತದೆ. ಆದರೆ ಅವನು ಹೆಚ್ಚಿಗೆ ಹಾಕಿದ ಒಂದೊಂದು ಆಳಿನ ಫಲದಲ್ಲೂ ಅರ್ಧ ನಿಮಗೆ ಬರುತ್ತದೆ, ಕೂಲಿ ಮಾತ್ರ ಪೂರ್ತಿ ಅವನದು. ಅಲ್ಲಿ ಕೈ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಪಾಲು ಇಷ್ಟು ಕೆಟ್ಟದ್ದಾದರೆ ಲೋಕದಲ್ಲೆಲ್ಲ ಯಾಕೆ ಉಳಿದಿದೆ ಅಂತ 1974ರಲ್ಲಿ ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ ಲೆಕ್ಕ ಹಾಕಿ ತೋರಿಸಿದರು. ಬೆಳೆಗೆ ಸರಿಯಾದ ವಿಮೆ ಸಿಗದ ಊರಿನಲ್ಲಿ ಪಾಲೇ ವಿಮೆಯ ಕೆಲಸ ಮಾಡುತ್ತದೆ. ಕೆಲಸದ ಹುರುಪು ಒಂದಿಷ್ಟು ಕಳೆದುಕೊಂಡು ನಷ್ಟದ ಭಯ ಒಂದಿಷ್ಟು ಕಡಿಮೆ ಮಾಡಿಕೊಳ್ಳುತ್ತಾರೆ.

ಆದರೆ ಗಮನಿಸಿ. ನಿಮ್ಮ ಬದು, ನಿಮ್ಮ ಮಣ್ಣು ಈ ಎರಡರಲ್ಲಿ ಯಾವುದರಲ್ಲೂ ಬರಲೇ ಇಲ್ಲ.

ತರೀಕೆರೆ ಹುಡುಗ

ಪಾಲಿನಲ್ಲಿ ಇನ್ನೊಂದು ತಲೆನೋವಿದೆ. ಎಷ್ಟು ಚೀಲ ಹೋಯಿತು ಅಂತ ಲೆಕ್ಕ ಇಡೋರು ಯಾರು? ಬೆಳಗಿನ ಜಾವ ನಾಲ್ಕಕ್ಕೆ ಲೋಡ್ ಆಗಿ ಹೋದರೆ ನಿಮಗೆ ಗೊತ್ತೂ ಆಗಲ್ಲ. ನಮ್ಮ ಕಡೆ ಅಡಿಕೆಯಲ್ಲಿ ಖೇಣಿ ಕೊಡುವುದು ಇದಕ್ಕೇ. ಮರದ ಮೇಲಿರುವಾಗಲೇ ಫಸಲು ನೋಡಿ ರೇಟ್ ಮಾತಾಡಿ ಮುಗಿಸಿಬಿಡುತ್ತೇವೆ. ಆಮೇಲೆ ಎಷ್ಟು ಸಿಕ್ಕಿತು ಅನ್ನುವುದು ಖೇಣಿದಾರನ ಹಣೆಬರಹ.

ಸೊಸೈಟಿ ರಿಟೈರ್ಡ್ (ಮೂಡಿಗೆರೆ)

ತಾಯಿ, ಸಾಲದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರ್ಯದರ್ಶಿ ಕುರ್ಚಿಯಲ್ಲಿ ಕೂತು ಇದೇ ಮಾತು ಎಷ್ಟೋ ಸಲ ಕೇಳಿದ್ದೇನೆ.

ಆ ಮನುಷ್ಯ ಯಾಕೆ ನಿಮ್ಮ ಹೆಸರಲ್ಲಿ ಕೇಳುತ್ತಾನೆ? ಅವನಿಗೆ ಬೇರೆ ದಾರಿ ಇಲ್ಲ. 1974ರ ಮಾರ್ಚ್ 1ರಿಂದ ನಮ್ಮ ರಾಜ್ಯದಲ್ಲಿ ಗೇಣಿ ಹೋಯಿತು. ಉಳುವವನೇ ಹೊಲದೊಡೆಯ ಅಂತ ಲಕ್ಷಾಂತರ ಜನಕ್ಕೆ ಭೂಮಿ ಸಿಕ್ಕಿತು, ಅದು ದೊಡ್ಡ ಕೆಲಸ. ಆದರೆ ಆಮೇಲೂ ಜಮೀನು ಕೊಡುವುದು, ಹಿಡಿಯುವುದು ನಿಲ್ಲಲಿಲ್ಲ. ಬಾಯಿಮಾತಿಗೆ ಇಳಿಯಿತು. ಕಾಗದ ಮಾಡಿದರೆ ಎಲ್ಲಿ ಹಕ್ಕು ಕೇಳುತ್ತಾರೋ ಅಂತ ಮಾಲೀಕರಿಗೆ ಹೆದರಿಕೆ. ಕಾಗದ ಇಲ್ಲದವನಿಗೆ ಬ್ಯಾಂಕು ಸಾಮಾನ್ಯವಾಗಿ ಬೆಳೆ ಸಾಲ ಕೊಡುವುದಿಲ್ಲ. ಪಹಣಿ ಯಾರದೋ ಸಾಲ ಅವರದು.

ಈಗ ನೀವು ನಿಮ್ಮ ಹೆಸರಲ್ಲಿ ತೆಗೆದಿರಿ ಅಂತ ಇಟ್ಟುಕೊಳ್ಳಿ. ರೇಟ್ ಬಿತ್ತು, ಅವನು ಕಟ್ಟಲಿಲ್ಲ. ನೋಟಿಸ್ ಬರುವುದು ನಿಮ್ಮ ಮನೆಗೆ. ಬಡ್ಡಿ ರಿಯಾಯ್ತಿ ಹೋಗುತ್ತದೆ, ಮುಂದೆ ನಿಮಗೇ ಸಾಲ ಸಿಗುವುದಿಲ್ಲ. ಅವನು ಗೆದ್ದರೆ ಲಾಭ ಅವನದು, ಸೋತರೆ ಸಾಲ ನಿಮ್ಮದು. ಹಾಗಿದ್ದ ಮೇಲೆ ಅವನು ಕೈ ಬಿಗಿ ಹಿಡಿದು ಯಾಕೆ ಖರ್ಚು ಮಾಡಬೇಕು? ಮೇಷ್ಟ್ರು ಹೇಳಿದ್ದು ಇಲ್ಲೂ ಅದೇ.

ಸುಮ್ನೆ ಓದೋನು

ಬ್ಯಾಂಕಿಗೆ ರಿಸ್ಕ್ ಅನ್ನಿಸಿದರೆ ಬಡ್ಡಿ ಜಾಸ್ತಿ ಹಾಕಿ ಕೊಡಬಹುದಲ್ವಾ? ಕೈಸಾಲ ಕೊಡೋರು ನೂರಕ್ಕೆ ಮೂರು ರೂಪಾಯಿ ತಿಂಗಳಿಗೆ ಹಾಕಲ್ವಾ? ವರ್ಷಕ್ಕೆ 36 ಆಯಿತು. ಜನ ತಗೊಳ್ತಾನೇ ಇದ್ದಾರೆ.

ಹಾಸನದ ಮೇಷ್ಟ್ರು

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಬಡ್ಡಿ ಏರಿಸುತ್ತಾ ಹೋದರೆ ಒಂದು ಹಂತ ದಾಟಿದ ಮೇಲೆ ಬ್ಯಾಂಕಿಗೇ ನಷ್ಟ, ಅದಕ್ಕೇ ಬ್ಯಾಂಕು ಬಡ್ಡಿ ಏರಿಸುವ ಬದಲು ‘ಇಲ್ಲ’ ಅನ್ನುತ್ತದೆ ಅಂತ ಸ್ಟಿಗ್ಲಿಟ್ಜ್ ಮತ್ತು ಆಂಡ್ರ್ಯೂ ವೈಸ್ 1981ರಲ್ಲಿ ತೋರಿಸಿದರು. ಸುಮ್ನೆ ಹೇಳಿದರೆ ನಂಬಿಕೆ ಬರಲ್ಲ. ಲೆಕ್ಕ ಹಾಕೋಣ. ಅಂಕಿಗಳು ನನ್ನವು, ಉದಾಹರಣೆಗೆ ಮಾತ್ರ. ಲೆಕ್ಕ ಸುಲಭವಾಗಲಿ ಅಂತ ಬ್ಯಾಂಕಿಗೆ ಅಸಲು ಬಂದರೆ ಸಾಕು ಅಂದುಕೊಳ್ಳೋಣ.

ಒಂದು ಶುಂಠಿ ಬೆಳೆಗೆ ಖರ್ಚು 6 ಲಕ್ಷ. ಬೆಳೆ ಕೈಗೆ ಹತ್ತಿದರೆ 10 ಲಕ್ಷ, ಕೊಳೆತರೆ ಸೊನ್ನೆ. ಬಸಿಗಾಲುವೆ ತೆಗೆದು, ಒಳ್ಳೆಯ ಬೀಜ ಹಾಕಿ, ದಿನಾ ನೋಡಿಕೊಂಡರೆ ಹತ್ತರಲ್ಲಿ ಎಂಟು ಸಲ ಬೆಳೆ ಬರುತ್ತದೆ. ಉದಾಸೀನ ಮಾಡಿದರೆ ಹತ್ತರಲ್ಲಿ ನಾಲ್ಕು ಸಲ. ಆದರೆ ಉದಾಸೀನದಲ್ಲಿ ಅವನಿಗೆ 1.2 ಲಕ್ಷದಷ್ಟು ಉಳಿತಾಯ. ಆಳಿನ ಕೂಲಿ ಉಳಿಯಿತು, ತನ್ನ ಸಮಯ ಉಳಿಯಿತು, ಸಾಲದ ದುಡ್ಡು ಬೇರೆ ಕಡೆ ಹೋಯಿತು, ಏನಾದರೂ ಇರಲಿ. ಬ್ಯಾಂಕಿಗೆ ಇದು ಕಾಣುವುದಿಲ್ಲ.

ನೋಡಿಕೊಂಡು ಮಾಡಿದರೆ ಸರಾಸರಿ 8 ಲಕ್ಷ ಬರುತ್ತದೆ, ಖರ್ಚು ಕಳೆದು 2 ಲಕ್ಷ ಲಾಭ. ಒಳ್ಳೆಯ ಕೆಲಸವೇ. ಈಗ ಪೂರ್ತಿ 6 ಲಕ್ಷ ಸಾಲ ಕೇಳಿದ. ಬೆಳೆ ಬಂದಾಗ ಅವನ ಕೈಗೆ ಎಷ್ಟು ಉಳಿದರೆ ಅವನು ಉದಾಸೀನ ಮಾಡುವುದಿಲ್ಲ? 3 ಲಕ್ಷ ಉಳಿದರೆ ನೋಡಿಕೊಂಡಾಗ ಸರಾಸರಿ 2.4 ಲಕ್ಷ. ಉದಾಸೀನ ಮಾಡಿದಾಗ 1.2 ಲಕ್ಷ, ಅದರ ಮೇಲೆ ಆ ಉಳಿತಾಯದ 1.2 ಲಕ್ಷ, ಅಲ್ಲಿಗೂ 2.4. ಸರಿಸಮ. 3 ಲಕ್ಷಕ್ಕಿಂತ ಒಂದು ರೂಪಾಯಿ ಕಡಿಮೆ ಉಳಿದರೂ ಅವನ ಮನಸ್ಸು ಆ ಕಡೆ ವಾಲುತ್ತದೆ. ಅಂದರೆ ಬ್ಯಾಂಕು ಹೆಚ್ಚೆಂದರೆ 7 ಲಕ್ಷ ಕೇಳಬಹುದು. ಹತ್ತರಲ್ಲಿ ಎಂಟು ಸಲ 7 ಬಂದರೆ ಸರಾಸರಿ 5.6 ಲಕ್ಷ. ಕೊಟ್ಟದ್ದು 6. ಬ್ಯಾಂಕಿಗೆ 40 ಸಾವಿರ ಕಡಿಮೆ.

ಸರಿ, 7 ಬೇಡ, 7.5 ಕೇಳಲಿ ಅನ್ನುತ್ತೀರಿ. ಆಗ ಅವನಿಗೆ ಉಳಿಯುವುದು 2.5. ನೋಡಿಕೊಂಡರೆ 2 ಲಕ್ಷ, ಉದಾಸೀನಕ್ಕೆ 2.2 ಲಕ್ಷ. ಅವನು ಉದಾಸೀನವನ್ನೇ ಹಿಡಿಯುತ್ತಾನೆ. ಬ್ಯಾಂಕಿಗೆ ಹತ್ತರಲ್ಲಿ ನಾಲ್ಕು ಸಲ 7.5 ಬರುತ್ತದೆ. ಸರಾಸರಿ 3 ಲಕ್ಷ! ಬಡ್ಡಿ ಏರಿಸಿದ್ದಕ್ಕೆ 5.6 ಇದ್ದದ್ದು 3ಕ್ಕೆ ಇಳಿಯಿತು.

ಅದೇ ಮನುಷ್ಯ ಕೈಯಿಂದ 40 ಸಾವಿರ ಹಾಕಿದರೆ ಎಲ್ಲ ಸರಿಹೋಗುತ್ತದೆ. 5.6 ಕೊಟ್ಟು 5.6 ವಾಪಸ್ ಪಡೆಯಬಹುದು. 2 ಲಕ್ಷ ಲಾಭದ ಬೆಳೆ 40 ಸಾವಿರಕ್ಕೆ ನಿಂತುಹೋಗುತ್ತದೆ. ಬಡವನಿಗೆ ಬುದ್ಧಿ ಇಲ್ಲ ಅಂತಲ್ಲ, ಬೆಳೆ ಕೆಟ್ಟದ್ದು ಅಂತಲೂ ಅಲ್ಲ.

ಸೊಸೈಟಿ ರಿಟೈರ್ಡ್ (ಮೂಡಿಗೆರೆ)

ಮೇಷ್ಟ್ರೇ, ಸಾಲಗಾರ ತನ್ನ ಕೈಯಿಂದ ಹಾಕಬೇಕಾದ ಪಾಲು, ಮಾರ್ಜಿನ್ ಮನಿ ಅಂತ ನಾವು ಕೇಳುತ್ತಿದ್ದದ್ದು ಇದೇ! ರೂಲ್ಸ್ ಇದೆ ಅಂತ ಕೇಳುತ್ತಿದ್ದೆವು.

ಕೈಯಲ್ಲಿ ದುಡ್ಡಿಲ್ಲದವನಿಗೆ ಒಡವೆ ಸಾಲ ಸುಲಭ ಅನ್ನುವುದಕ್ಕೂ ಇದೇ ಕಾರಣ ಇರಬೇಕು. ಬಳೆ ಬೀರುವಿನಲ್ಲಿದ್ದರೆ ಅವನು ಬಸಿಗಾಲುವೆ ತೆಗೆದನೋ ಇಲ್ಲವೋ ಬ್ಯಾಂಕಿಗೆ ಯಾಕೆ ಬೇಕು? 2025ರ ಜನವರಿಯಿಂದ ರಿಸರ್ವ್ ಬ್ಯಾಂಕ್ ಅಡಮಾನ ಇಲ್ಲದ ಕೃಷಿ ಸಾಲದ ಮಿತಿಯನ್ನು 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದೆ. ಒಳ್ಳೆಯದೇ. ಆದರೆ ಗುತ್ತಿಗೆಯವನಿಗೆ ಪಹಣಿಯೇ ಇಲ್ಲವಲ್ಲ, ಅವನಿಗೆ ಮಿತಿ ಎಷ್ಟಾದರೇನು.

ಹಾಸನದ ಮೇಷ್ಟ್ರು

ಸಾರ್, ನಿಮ್ಮ ಸೊಸೈಟಿಗೂ ಲೆಕ್ಕದಲ್ಲಿ ಜಾಗ ಇದೆ. ಬೆಂಟ್ ಹೋಮ್‌ಸ್ಟ್ರೋಮ್ ಮತ್ತು ಜೀನ್ ತಿರೋಲ್ 1997ರಲ್ಲಿ ಬರೆದ ಮಾದರಿ ಇದು. ಊರಿನವರೇ ಯಾರಾದರೂ ಹೋಗಿ ನೋಡಿಕೊಂಡು ಬರುವಂತಿದ್ದರೆ ಉದಾಸೀನದ ಉಳಿತಾಯ 1.2 ಲಕ್ಷದಿಂದ 60 ಸಾವಿರಕ್ಕೆ ಇಳಿಯಿತು ಅಂದುಕೊಳ್ಳಿ. ಆಗ ಅವನ ಕೈಗೆ 1.5 ಲಕ್ಷ ಉಳಿದರೆ ಸಾಕು. 8.5 ಕೇಳಬಹುದು, ಸರಾಸರಿ 6.8 ಬರುತ್ತದೆ. ನೋಡಿಕೊಳ್ಳುವ ಖರ್ಚು 80 ಸಾವಿರದೊಳಗಿದ್ದರೆ ಕೈಯಲ್ಲಿ ಬಿಡಿಗಾಸಿಲ್ಲದವನಿಗೂ ಸಾಲ ಕೊಡಬಹುದು. ಬೆಂಗಳೂರಿನ ಹೆಡ್ಡಾಫೀಸಿಗೆ ಆ ಖರ್ಚು ಬಹಳ. ನಿಮಗೆ ಸ್ಕೂಟರಿನ ಪೆಟ್ರೋಲು ಅಷ್ಟೆ.

ಸೊಸೈಟಿ ರಿಟೈರ್ಡ್ (ಮೂಡಿಗೆರೆ)

ಸ್ಕೂಟರ್ ಸರಿ. ಆದರೆ ನೋಡಿಕೊಳ್ಳುವವನನ್ನು ನೋಡಿಕೊಳ್ಳುವವರು ಯಾರು? ಬೇಲಿಯೇ ಎದ್ದು ಹೊಲ ಮೇಯ್ದ ಸೊಸೈಟಿಗಳೂ ಇವೆ. ನಿರ್ದೇಶಕರ ನೆಂಟರಿಗೆ ಮೊದಲು ಸಾಲ.

ಸಾಲ ಮನ್ನಾ ವಿಷಯವೂ ಹೇಳಿಬಿಡುತ್ತೇನೆ. 2008ರಲ್ಲಿ ಕೇಂದ್ರದ ಮನ್ನಾ, 2018ರಲ್ಲಿ ರಾಜ್ಯದ್ದು. ಕಷ್ಟದಲ್ಲಿದ್ದವರಿಗೆ ಉಸಿರು ಬಂತು, ಸುಳ್ಳಲ್ಲ. ಆದರೆ ಚುನಾವಣೆ ಹತ್ತಿರ ಬಂದರೆ ‘ಸಾರ್, ಸ್ವಲ್ಪ ತಡೆಯೋಣ’ ಅನ್ನುವವರ ಸಾಲು ಕೌಂಟರಿನಲ್ಲಿ ಉದ್ದವಾಗುತ್ತಿತ್ತು. ಕಟ್ಟುವ ಶಕ್ತಿ ಇದ್ದವರೇ. ಸಾಲಗಾರರನ್ನು ಬಯ್ದು ಉಪಯೋಗ ಇಲ್ಲ, ಕಾದರೆ ಲಾಭ ಅಂತ ಕಲಿಸಿದ್ದು ಯಾರು?

ಕಳಸ ರೋಡ್ ಪ್ಲಾಂಟರ್

ಚರ್ಚೆ ಚೆನ್ನಾಗಿದೆ. ನಮ್ಮ ಕಾಫಿ ಕುಯ್ಲಿನ ಉದಾಹರಣೆಯೂ ಇರಲಿ. ಕೆ.ಜಿ. ಲೆಕ್ಕಕ್ಕೆ ಕೊಟ್ಟರೆ ಸಂಜೆ ತೂಕ ಜೋರು. ಆದರೆ ಚೀಲ ಸುರಿದು ನೋಡಿದರೆ ಹಣ್ಣಿನ ಜೊತೆ ಹಸಿರು ಕಾಯಿ, ಎಲೆ, ಕಡ್ಡಿ. ರೆಕ್ಕೆ (ಗಿಡದ ಅಡ್ಡ ಕೊಂಬೆ) ಎಳೆದು ಮುರಿದಿರುತ್ತಾರೆ, ಮುಂದಿನ ವರ್ಷದ ಫಸಲಿಗೂ ಏಟು. ದಿನಗೂಲಿ ಕೊಟ್ಟರೆ ಕೆಲಸ ನಾಜೂಕು, ಆದರೆ ಹಣ್ಣು ಕುಯ್ದು ಮುಗಿಯುವುದೇ ಇಲ್ಲ. ಅದಕ್ಕೆ ಅರೇಬಿಕಾದಲ್ಲಿ ಮೊದಲ ಸುತ್ತು ಬಿಡಿ ಹಣ್ಣು ಆಯುವಾಗ ದಿನದ ಸಂಬಳ, ಗಿಡ ತುಂಬ ಹಣ್ಣಾದ ಮೇಲೆ ಕೆ.ಜಿ. ಲೆಕ್ಕ. ರೋಬಸ್ಟಾಗೆ ಶುರುವಿನಿಂದಲೇ ಕೆ.ಜಿ. ಇದನ್ನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ಹಾಸನದ ಮೇಷ್ಟ್ರು

ಪುಸ್ತಕದಲ್ಲೂ ಅದೇ ಇದೆ! ಒಬ್ಬನಿಗೆ ಎರಡು ಕೆಲಸ ಇದ್ದು, ಒಂದನ್ನು ಮಾತ್ರ ಅಳೆಯಲು ಆಗುವುದಾದರೆ, ಅಳೆಯಲು ಆಗುವ ಕೆಲಸಕ್ಕೆ ಜೋರಾಗಿ ದುಡ್ಡು ಕೊಟ್ಟಷ್ಟೂ ಅಳೆಯಲು ಆಗದ್ದು ಹಾಳಾಗುತ್ತದೆ. ಹೋಮ್‌ಸ್ಟ್ರೋಮ್ ಮತ್ತು ಪಾಲ್ ಮಿಲ್‌ಗ್ರೋಮ್ 1991ರಲ್ಲಿ ಬರೆದರು. ಕರಾರುಗಳ ಮೇಲಿನ ಕೆಲಸಕ್ಕೆ 2016ರಲ್ಲಿ ಹೋಮ್‌ಸ್ಟ್ರೋಮ್‌ಗೂ ಆಲಿವರ್ ಹಾರ್ಟ್‌ಗೂ ನೊಬೆಲ್ ಬಂತು. ತೂಕ ಅಳೆಯಬಹುದು, ರೆಕ್ಕೆ ಮುರಿದದ್ದು ಅಳೆಯಲು ಕಷ್ಟ. ಗದ್ದೆಮನೆಯವರ ಬದುವೂ ಮುರಿದ ರೆಕ್ಕೆಯ ಜಾತಿಯದೇ.

ಮಳೆ ಲೆಕ್ಕ (ಸಕಲೇಶಪುರ)

ವಿಮೆ ಅಂದಿರಲ್ಲ, ಅದಕ್ಕೆ ಬಂದೆ. ಬೆಳೆ ಹೋದರೆ ದುಡ್ಡು ಅಂತ ಕೊಟ್ಟರೆ ಬೆಳೆ ನೋಡಿಕೊಳ್ಳುವುದೇ ನಿಲ್ಲಬಹುದು. ಅದಕ್ಕೇ ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆಯಲ್ಲಿ ತೋಟವನ್ನು ನೋಡುವುದೇ ಇಲ್ಲ, ಮಳೆಮಾಪಕವನ್ನು ನೋಡುತ್ತಾರೆ. ರೈತನ ಪಾಲಿನ ಪ್ರೀಮಿಯಂ ವಿಮಾ ಮೊತ್ತದ ಶೇ 5. ಮಳೆಮಾಪಕಕ್ಕೆ ಮೋಸ ಮಾಡುವುದು ಸುಲಭವಲ್ಲ, ಸೋಮಾರಿತನಕ್ಕೂ ಪರಿಹಾರ ಸಿಗಲ್ಲ. ಚಂದದ ಉಪಾಯ.

ಆದರೆ ನಮ್ಮ ಮಲೆನಾಡಿನ ಮಳೆ ಗೊತ್ತಲ್ಲ. ಗುಡ್ಡದ ಈ ಕಡೆ ಸುರಿದರೆ ಆ ಕಡೆ ಬಿಸಿಲು. ಮಾಪಕ ಇರುವುದು ಪಂಚಾಯ್ತಿಗೊಂದು. ನಿಮ್ಮ ತೋಟದಲ್ಲಿ ಕೊಳೆ ಬಂದು ಮೆಣಸಿನ ಬಳ್ಳಿ ಎಲ್ಲ ಹಳದಿ ತಿರುಗಿದ್ದರೂ ಮಾಪಕ ‘ಮಳೆ ಸಾಧಾರಣ’ ಅಂದರೆ ಮುಗಿಯಿತು. ಬೆಳೆ ಹೋಗದವನ ಖಾತೆಗೆ ದುಡ್ಡು ಬಿದ್ದದ್ದೂ ಇದೆ.

ಅರಕಲಗೂಡು ಶುಂಠಿ

ಇಷ್ಟು ಹೊತ್ತು ಓದಿದೆ. ಎಲ್ಲರೂ ಗುತ್ತಿಗೆ ಹಿಡಿಯುವವನನ್ನು ಹೇಗೆ ಕಟ್ಟಿಹಾಕಬೇಕು ಅಂತಲೇ ಮಾತಾಡುತ್ತಿದ್ದೀರಿ. ನಾನು ಗುತ್ತಿಗೆ ಹಿಡಿದು ಶುಂಠಿ ಹಾಕುವವನು. ನಮ್ಮ ಕಡೆಯದೂ ಕೇಳಿ.

2023ರಲ್ಲಿ ಶುಂಠಿ ರೇಟ್ ಹಾರಿದಾಗ ಒಬ್ಬ ಮಾಲೀಕರು ಮೊದಲು ಆಡಿದ ಮಾತು ಮರೆತರು. ‘ಇನ್ನೊಂದಿಷ್ಟು ಕೊಟ್ಟರೆ ಕೀಳು, ಇಲ್ಲಾಂದರೆ ಗೇಟಿಗೆ ಬೀಗ.’ ಕಾಗದ ಇಲ್ಲ, ಪೊಲೀಸಿಗೆ ಹೋದರೆ ಏನು ತೋರಿಸಲಿ? ಕೊಟ್ಟೆ. ರೇಟ್ ಬಿದ್ದ ವರ್ಷ ಯಾರೂ ಗುತ್ತಿಗೆ ದುಡ್ಡು ಕಡಿಮೆ ಮಾಡಲ್ಲ. ರೇಟ್ ಇಲ್ಲ ಅಂತ ಗೆಡ್ಡೆಯನ್ನು ಮಣ್ಣಲ್ಲೇ ಬಿಟ್ಟು ಎರಡು ತಿಂಗಳು ಕಾಯೋಣ ಅಂದರೆ, ಅವಧಿ ಮುಗಿಯಿತು, ಟ್ರ್ಯಾಕ್ಟರ್ ಬಿಡುತ್ತೇನೆ ಅನ್ನುತ್ತಾರೆ.

ಬಂಡವಾಳ ಎಲ್ಲಿಂದ ಬರುತ್ತೆ ಗೊತ್ತಾ? ಹೆಂಡತಿಯ ಒಡವೆ ಅಡ ಇಡುತ್ತೇನೆ. ಸಾಲದ್ದಕ್ಕೆ ವ್ಯಾಪಾರಿ ಹತ್ತಿರ ಅಡ್ವಾನ್ಸ್. ಬಡ್ಡಿ ಇಲ್ಲ ಅನ್ನುತ್ತಾನೆ, ಆದರೆ ಮಾಲು ಅವನಿಗೇ ಹಾಕಬೇಕು, ರೇಟ್ ಅವನು ಹೇಳಿದ್ದು. ಬಡ್ಡಿ ಚೀಲದಲ್ಲಿ ಮುರಿದುಕೊಳ್ಳುತ್ತಾನೆ. ಈಗ ನೀವು ಬದು, ಮಣ್ಣು ಹಾಳಾದರೆ ಅಂತ ಡಿಪಾಸಿಟ್ ಬೇರೆ ಕೇಳಿದರೆ, ಮೇಷ್ಟ್ರು ಹೇಳಿದ ಆ 40 ಸಾವಿರ 1 ಲಕ್ಷ ಆಗುತ್ತದೆ. ನನ್ನಂಥವನು ಬಿಟ್ಟು ಹೋಗುತ್ತಾನೆ. ನಿಮಗೆ ಸಿಗೋದು ಜೇಬು ತುಂಬ ಇರುವವನು, ಒಳ್ಳೆಯ ಬೇಸಾಯಗಾರನೇ ಅಂತ ಗ್ಯಾರಂಟಿ ಇಲ್ಲ.

ಮಣ್ಣು ಹಾಳು ಅನ್ನೋದೂ ಪೂರ್ತಿ ನಿಜ ಅಲ್ಲ. ನಾವು ಹಾಕಿದ ಕೋಳಿ ಗೊಬ್ಬರದ ಮೇಲೆ ಆಮೇಲೆ ಜೋಳ ಹಾಕಿದ ಮಾಲೀಕರು ಖುಷಿಯಾಗಿದ್ದಾರೆ.

ಕಳಸ ರೋಡ್ ಪ್ಲಾಂಟರ್

ಅಣ್ಣ ಹೇಳಿದ್ದು ಸರಿ ಇದೆ. ಅಡ್ವಾನ್ಸ್ ಕಥೆ ಕಾಫಿಯಲ್ಲೂ ಅಷ್ಟೆ. ಆದರೆ ರೇಟ್ ಏರಿದ ವರ್ಷ ಅಡ್ವಾನ್ಸ್ ಕೊಟ್ಟ ವ್ಯಾಪಾರಿಗೆ ಕೈಕೊಟ್ಟು ಬೇರೆ ಕಡೆ ಮಾರಿದ ಬೆಳೆಗಾರರನ್ನೂ ನೋಡಿದ್ದೇನೆ. ಅದಕ್ಕೇ ಮುಂದಿನ ವರ್ಷ ಅಡ್ವಾನ್ಸ್ ಕಡಿಮೆ ಆಗುವುದು. ಒಬ್ಬ ಮುರಿದ, ಊರೆಲ್ಲ ಕಟ್ಟಿತು.

ಗದ್ದೆಮನೆ (ಆಲೂರು)

ಎಲ್ಲರಿಗೂ ಥ್ಯಾಂಕ್ಸ್. ಮಾವನಿಗೂ ಓದಿ ಹೇಳಿದೆ. ಸಾಲ ನಮ್ಮ ಹೆಸರಲ್ಲಿ ಬೇಡ ಅಂತ ತೀರ್ಮಾನ ಆಯಿತು. ಉಳಿದದ್ದು ಹೀಗೆ ಯೋಚಿಸಿದ್ದೇವೆ, ತಪ್ಪಿದ್ದರೆ ಹೇಳಿ.

ಗುತ್ತಿಗೆ ದುಡ್ಡು ಒಂದೇ ಸಲ ಬೇಡ. ಅರ್ಧ ಈಗ, ಅರ್ಧ ಕೀಳುವಾಗ. ಅವರಿಗೆ ಅಷ್ಟು ಬಂಡವಾಳ ಕಡಿಮೆ ಸಾಕು. ಕೀಳುವ ದಿನ ರೇಟ್ ತೀರಾ ಬಿದ್ದಿದ್ದರೆ ಎರಡನೇ ಅರ್ಧದಲ್ಲಿ ನಾವೂ ಸ್ವಲ್ಪ ಬಿಡುತ್ತೇವೆ. ಚೆನ್ನಾಗಿದ್ದರೆ ಅವರು ಸ್ವಲ್ಪ ಸೇರಿಸಬೇಕು. ಹಾಸನ ಮಾರುಕಟ್ಟೆಯ ಆ ದಿನದ ರೇಟ್ ಲೆಕ್ಕ. ಚೀಲ ಎಣಿಸುವ ಗೊಡವೆ ಬೇಡ. ಬದುವಿನ ಕೆಲಸ, ಸುಣ್ಣ ಹಾಕುವುದು ನಾವೇ ಮಾಡಿಸುತ್ತೇವೆ, ಅದನ್ನು ಅವರ ತಲೆಗೆ ಕಟ್ಟುವುದಿಲ್ಲ. ಕಾಲುವೆ ಮುಚ್ಚಿ, ಪ್ಲಾಸ್ಟಿಕ್ ಎತ್ತಿ ಕೊಡಬೇಕು. ಗೆಡ್ಡೆ ಮಣ್ಣಲ್ಲಿ ಬಿಟ್ಟು ಕಾಯುವುದಾದರೆ ತಿಂಗಳಿಗೆ ಇಷ್ಟು ಅಂತ ಈಗಲೇ ಮಾತು.

ಹಾಸನದ ಮೇಷ್ಟ್ರು

ಮಾರುಕಟ್ಟೆ ರೇಟಿಗೆ ಕಟ್ಟಿದ್ದು ಜಾಣತನ. ರೇಟ್ ನಿಮ್ಮಿಬ್ಬರ ಕೈಯಲ್ಲೂ ಇಲ್ಲ, ಅದರ ನಷ್ಟ ಹಂಚಿಕೊಂಡರೆ ಯಾರ ಕೆಲಸವೂ ಕೆಡುವುದಿಲ್ಲ. ಇಳುವರಿ ಅವನ ಕೈಯಲ್ಲಿದೆ, ಅದನ್ನು ಅವನಿಗೇ ಬಿಟ್ಟಿದ್ದೀರಿ. ಮಾವನವರ ಪಾಲು, ಯಜಮಾನರ ನಗದು ಎರಡೂ ಇದರಲ್ಲಿ ಸೇರಿತು. ಒಂದೇ ಸಂದೇಹ: ಎರಡನೇ ಅರ್ಧ ಕೊಡದೆ ರಾತ್ರೋರಾತ್ರಿ ಕಿತ್ತುಕೊಂಡು ಹೋದರೆ?

ಅರಕಲಗೂಡು ಶುಂಠಿ

ಅದಕ್ಕೆ ಸುಲಭ ದಾರಿ ಇದೆ. ಮೊದಲ ಲೋಡ್ ಹೋಗುವ ದಿನ ದುಡ್ಡು ಕೈಗೆ ಬಂದ ಮೇಲೇ ಲಾರಿ ಗೇಟ್ ದಾಟಲಿ. ಬೋರಿನ ಸ್ಟಾರ್ಟರ್ ಬೀಗದ ಕೈ ಹೇಗೂ ನಿಮ್ಮ ಹತ್ತಿರವೇ ಇರುತ್ತದೆ.

ಅಕ್ಕ, ಒಂದು ಬಿಟ್ಟಿದ್ದೀರಿ. ಕೊಳೆ ರೋಗ ಬಂದು ಐದಾರು ತಿಂಗಳಿಗೇ ಅರ್ಧ ಬೆಳೆ ಹೋದರೆ? ಆಗ ಎರಡನೇ ಕಂತು ಪೂರ್ತಿ ಕೊಡಬೇಕಾ?

ಗದ್ದೆಮನೆ (ಆಲೂರು)

ಅಣ್ಣ, ಅದರ ಮೇಲೇ ಮನೆಯಲ್ಲಿ ಜಗಳ ನಡೆಯುತ್ತಿದೆ. ರೋಗ ಮಳೆಯಿಂದ ಬಂತೋ, ಕಾಲುವೆ ತೆಗೆಯದ್ದಕ್ಕೆ ಬಂತೋ, ಬೀಜದಿಂದಲೇ ಬಂತೋ ಅಂತ ನಮಗೆ ಹೇಗೆ ಗೊತ್ತಾಗಬೇಕು? ಬೀಜ ನಿಮ್ಮದು, ಕಾಲುವೆಯೂ ನಿಮ್ಮದೇ. ಸುತ್ತಮುತ್ತ ಎಲ್ಲರ ಶುಂಠಿಗೂ ಕೊಳೆ ಬಂದಿದ್ದರೆ ಅರ್ಧ ಬಿಡೋಣ, ನಮ್ಮ ಗದ್ದೆಯಲ್ಲಿ ಮಾತ್ರ ಬಂದಿದ್ದರೆ ಪೂರ್ತಿ ಕೊಡಬೇಕು ಅಂತ ಮಾವ ಹೇಳುತ್ತಾರೆ. ನೀವಾಗಿದ್ದರೆ ಒಪ್ಪುತ್ತೀರಾ?

ಅರಕಲಗೂಡು ಶುಂಠಿ

ಮೇಲಿನ ಗದ್ದೆಯ ನೀರು ನಮ್ಮ ಗದ್ದೆಗೆ ಇಳಿಯುವುದಿಲ್ಲ ಅಂದರೆ ಒಪ್ಪುತ್ತೇನೆ. ಇಳಿಯುತ್ತೆ ಅಂದರೆ ಮೊದಲು ಜಾಗ ನೋಡಬೇಕು.